ಮುಸುರೆ ಮುಟ್ಟದ ಮಿಷನ್ನು

ಮಾರ್ಗಶಿರದ ಚಳಿ. ಕೋಣನಕುಂಟೆಯ ಮೇಲಿನ ಮಂಜು ಇನ್ನೂ ಕದಲಿರಲಿಲ್ಲ. ನಾರಾಯಣಮ್ಮನ ಹಿತ್ತಿಲು ಮಾತ್ರ ಆಗಲೇ ಎಚ್ಚತ್ತು ಕೆಲಸಕ್ಕೆ ಕೂತಿತ್ತು. ಬಚ್ಚಲೊಲೆಯಲ್ಲಿ ತೆಂಗಿನ ಮಟ್ಟೆ ಉರಿಯುತ್ತಿತ್ತು. ಹಿಂದಿನ ದಿನ ನೆನೆಹಾಕಿದ್ದ ಎರಡು ಸೇರು ಅವರೆಕಾಳನ್ನು ನಡುವೆ ಇಟ್ಟುಕೊಂಡು ನಾರಾಯಣಮ್ಮ ಮತ್ತು ಮಹಡಿಯ ಬಾಡಿಗೆಮನೆಯ ದಾನಮ್ಮ ಹಿತಕುತ್ತಿದ್ದರು. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಟಕ್ಕನೆ ಪಾತ್ರೆಗೆ ಬೀಳಬೇಕು. ಬಾಗಲಕೋಟೆ ಕಡೆಯ ದಾನಮ್ಮನಿಗೆ ಈ ವಿದ್ಯೆ ಹೊಸದು. ಅವಳ ಬೇಳೆ ಹತ್ತರಲ್ಲಿ ಮೂರು ಕಾಂಪೌಂಡು ಹಾರಿ ಪಕ್ಕದ ಮನೆಗೆ ಹೋಗುತ್ತಿತ್ತು. ಒಗೆಯುವ ಕಲ್ಲಿನ ಬದಿಯಲ್ಲಿ ಕೆಲಸದ ತಿಮ್ಮಕ್ಕ ಕುಕ್ಕರುಗಾಲಲ್ಲಿ ಕೂತು, ಉಂಡ ಪಾತ್ರೆಗಳನ್ನು ಒಲೆಯ ಬೂದಿ ಹಾಕಿ, ನಾರಿನಲ್ಲಿ ಪರಪರನೆ ತಿಕ್ಕುತ್ತಿದ್ದಳು. ತಿಕ್ಕಿ, ತೊಳೆದು, ಬೋರಲು ಹಾಕಿ, ಒಂದೊಂದಾಗಿ ಒಳಗೆ ಕೊಂಡೊಯ್ದು ಪಾತ್ರೆ ತೊಳೆಯುವ ಮಿಷನ್ನಿನೊಳಗೆ ಜೋಡಿಸುತ್ತಿದ್ದಳು.

ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಹಿತ್ತಿಲಿನಲ್ಲಿದ್ದ ಮೂವರಿಗೂ ಅನ್ನಿಸಿರಲಿಲ್ಲ.

ಮಿಷನ್ನು ಬಂದದ್ದು ದಸರೆಯ ವಾರದಲ್ಲಿ. ವಿಲ್ಸನ್ ಗಾರ್ಡನ್ನಿಗೆ ಮದುವೆಯಾಗಿ ಹೋಗಿದ್ದ ಮಗಳು ರಮ್ಯ, ಅಮ್ಮನ ಸೊಂಟನೋವು ನೋಡಲಾರದೆ ಕಳಿಸಿದ್ದಳು. ಕೊಳಾಯಿ ಸಿಕ್ಕುವ ಜಾಗ ಒಂದೇ ಇದ್ದದ್ದರಿಂದ ಅಡುಗೆಮನೆಯ ಮೂಲೆಯಲ್ಲಿ, ದೇವರ ಗೂಡಿನ ಕೆಳಗೆ ಅದನ್ನು ನಿಲ್ಲಿಸಿದರು. ಮನೆಯ ಯಜಮಾನ ಬೈರಣ್ಣನವರು ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದರು. ನಾಲ್ಕು ಕಾಲಿಗೂ ನಿಂಬೆಹಣ್ಣು ಇಟ್ಟರು. ಟ್ರ್ಯಾಕ್ಟರಾಗಿದ್ದರೆ ತಾನೇ ಮುಂದೆ ಹೋಗಿ ಹಣ್ಣು ಅಪ್ಪಚ್ಚಿ ಮಾಡುತ್ತಿತ್ತು, ಇದು ಹೋಗಲಿಲ್ಲ. ಕೊನೆಗೆ ಬೈರಣ್ಣ, ಅದನ್ನು ಜೋಡಿಸಲು ಬಂದಿದ್ದ ಮೆಕ್ಯಾನಿಕ್ಕು ಇಬ್ಬರೂ ಸೇರಿ ಅಷ್ಟು ಭಾರದ ಪೆಟ್ಟಿಗೆಯನ್ನು ಅರ್ಧ ಅಡಿ ಮುಂದೆ ನೂಕಿ ಶಾಸ್ತ್ರ ಮುಗಿಸಿದರು.

ಇಷ್ಟು ಪೂಜೆ ಮಾಡಿಸಿಕೊಂಡ ವಸ್ತುವಿನೊಳಗೆ, ಅದೂ ದೇವರ ಕಾಲ ಬುಡದಲ್ಲಿ, ಅನ್ನಸಾರು ಮೆತ್ತಿದ ಮುಸುರೆ ಪಾತ್ರೆ ಇಡುವ ಹೆಂಗಸು ಆ ಊರಿನಲ್ಲಿ ಹುಟ್ಟಿರಲಿಲ್ಲ. ನಾರಾಯಣಮ್ಮ ಎಲ್ಲವನ್ನೂ ಹಿತ್ತಿಲಿನಲ್ಲಿ ತೊಳೆಸಿ, ಆಮೇಲೆ ಮಿಷನ್ನಿಗೆ ಇಡಿಸಿದಳು. ತಿಮ್ಮಕ್ಕ ಬೆಳಿಗ್ಗೆ ಮಾತ್ರ ಬರುವವಳು, ಮಧ್ಯಾಹ್ನದ ಪಾತ್ರೆಗಳನ್ನು ತಾನೇ ತಿಕ್ಕಿ ಇಟ್ಟಳು. ತೊಳೆದ ಪಾತ್ರೆಗೆ ಇನ್ನೊಂದು ಬಿಸಿನೀರಿನ ಸ್ನಾನ. ಪಟ್ಟಣದವರು ಮಡಿವಂತರು, ಹೀಗೆ ಮಾಡುತ್ತಾರೆ ಎಂದು ಅವಳು ತಿಳಿದಳು.

ಬೈರಣ್ಣನವರಿಗೆ ಇದರ ಗಾಳಿಯೂ ಸೋಕಿರಲಿಲ್ಲ. ಹುಟ್ಟಿದ ಲಾಗಾಯ್ತು ಅವರು ಉಂಡ ತಟ್ಟೆಯನ್ನು ಬಿಟ್ಟು ಏಳುತ್ತಿದ್ದರು. ಮುಂದಿನ ಊಟಕ್ಕೆ ಅದು ಫಳಫಳ ಹೊಳೆಯುತ್ತ ಮುಂದೆ ಬರುತ್ತಿತ್ತು. ನಡುವೆ ಅದು ಎಲ್ಲಿಗೆ ಹೋಗಿ ಬರುತ್ತದೆ ಎಂಬುದು, ಸೂರ್ಯ ಮುಳುಗಿದ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬಷ್ಟೇ ಅವರಿಗೆ ಸಂಬಂಧಪಡದ ವಿಷಯವಾಗಿತ್ತು. ಎಂಟು ಗಂಟೆಗೆ ಅವರು ಡೈರಿ ಬೂತಿನಿಂದ ಬರುವರು. ಡಬ್ಬಿಯಿಂದ ಪೌಡರನ್ನು ಚಮಚದಲ್ಲಿ ಅಳೆದು ಹೆಂಡತಿಯ ಕೈಗೆ ಕೊಡುವರು. ಅವಳು ಒಳಗೆ ಹಾಕಿ ಬಾಗಿಲು ಮುಚ್ಚಿದ ಮೇಲೆ ಕೈ ಮುಗಿದು ಗುಂಡಿ ಒತ್ತುವರು. ಗುಂಡಿ ಒತ್ತುವುದು ಮಾತ್ರ ಯಾರಿಗೂ ಬಿಟ್ಟುಕೊಡದ ಹಕ್ಕು. ಅವರದು ನೀರುಗಂಟಿಯ ಮನೆತನ. ಅಪ್ಪ, ತಾತ ಊರ ಕೆರೆಯ ತೂಬೆತ್ತಿ ಗದ್ದೆಗದ್ದೆಗೆ ನೀರು ಹಂಚಿದವರು. 'ನಿನಗೆ ಇಷ್ಟು ನೀರು' ಎಂದರೆ ಅಷ್ಟೇ ನೀರು. ಅಳತೆ ತಪ್ಪಿತು ಎಂದು ಬೆರಳು ತೋರಿಸಿದವರಿಲ್ಲ. ಈಗ ಗದ್ದೆಗಳೆಲ್ಲ ಸೈಟುಗಳಾಗಿ, ಮನೆಗಳೆದ್ದು, ಊರು ಲೇಔಟಾಗಿತ್ತು. ಬೈರಣ್ಣನವರ ಪಾಲಿಗೆ ಉಳಿದಿದ್ದ ತೂಬು ಇದೊಂದೇ.

ಮೊದಮೊದಲು ಅಂಗಡಿಯ ಮಾಮೂಲಿ ಪೌಡರು ಹಾಕುತ್ತಿದ್ದರು. ಮಿಷನ್ನಿನ ನೀರು ಹಿತ್ತಿಲಿನ ದಂಟಿನ ಸೊಪ್ಪಿನ ಪಾತಿಗೆ ಹೋಗಿ, ಹದಿನೈದೇ ದಿನಕ್ಕೆ ಸೊಪ್ಪು ಸುಟ್ಟಂತಾಯಿತು. ಆಗ ಪಕ್ಕದ ಮನೆಯ ಅನಂತರಾಮು, ರಿಟೈರ್ಡ್ ಎಂಜಿನಿಯರು, ಲೇಔಟಿನ ಸಂಘದ ಕಾರ್ಯದರ್ಶಿ, ಪದ್ಮನಾಭನಗರದ ಅಂಗಡಿಯಿಂದ 'ಹಸಿರು ಹೊಳಪು' ಎಂಬ ಪರಿಸರಸ್ನೇಹಿ ಪೌಡರು ತಂದುಕೊಟ್ಟರು. ಅಂಟುವಾಳದ ಕಾಯಿ, ಸೋಡಾ, ಇನ್ನೂ ಏನೇನೋ. ಕೆರೆಯಲ್ಲಿ ನೊರೆ ಏಳಿಸುವ ವಸ್ತು ಯಾವುದೂ ಇಲ್ಲ. ದಂಟು ಚಿಗುರಿತು. ಪಾತ್ರೆಯಂತೂ ಮೊದಲಿಗಿಂತ ಹೊಳೆಯುತ್ತಿದೆ ಎಂದು ಬೈರಣ್ಣನವರಿಗೆ ಕಂಡಿತು. ತಿಮ್ಮಕ್ಕ ಆ ವಾರ ನಾರು ಬದಲಾಯಿಸಿದ್ದಳು.

ಪೌಡರು ಕೊಟ್ಟ ಅನಂತರಾಮು ಒಂದು ಬೆಳಿಗ್ಗೆ ಮುಖ ಬಾಡಿಸಿಕೊಂಡು ಬಂದರು.

"ಬೈರಣ್ಣನವರೇ, ಅದೇ ಪೌಡರು, ಅದೇ ಕಂಪನಿ ಮಿಷನ್ನು. ನಮ್ಮನೇಲಿ ಲೋಟ ತೆಗೆದ್ರೆ ಸುಣ್ಣ ಹೊಡೆದಂಗಿರುತ್ತೆ. ಸಾರಿನ ಪಾತ್ರೇಲಿ ಸಾರು ಹಾಗೇ ಇರುತ್ತೆ, ಬರೀ ಬಿಸಿಯಾಗಿರುತ್ತೆ. ನಮ್ಮನೆಯವಳು ಜಯಾ ನನ್ನ ಹತ್ರ ಮಾತು ಬಿಟ್ಟು ಎರಡು ದಿನ ಆಯ್ತು. ನೀವು ಏನ್ ಮಾಡ್ತೀರಿ?"

"ಮಾಡೋದೇನೈತೆ ಸಾರ್. ಪೌಡರು ಅಳೆದು ಕೊಡ್ತೀನಿ, ಗುಂಡಿ ಒತ್ತೀನಿ."

"ಅಷ್ಟೇನಾ?"

"ಒತ್ತೋ ಕೈ ಮೇಲೂ ಸ್ವಲ್ಪ ಹೋಯ್ತದೆ ಅನ್ನಿ."

ಮಿಷನ್ನು ಕೂಗಿತು. ಬೈರಣ್ಣ ಬಾಗಿಲು ತೆಗೆದರು. ಆವಿ ಏರಿ ದೇವರ ಪಟಗಳನ್ನು ಸವರಿ ಹೋಯಿತು. ಅನಂತರಾಮು ಹಿತಕಿದ ಬೇಳೆ ಸಾರು ಮಾಡಿದ್ದ ಪಾತ್ರೆಯನ್ನೇ ಎತ್ತಿಕೊಂಡು, ಬಿಳಿ ಕರ್ಚೀಫಿನಿಂದ ಒಳಗೆಲ್ಲ ಒರೆಸಿ, ಬೆಳಕಿಗೆ ಹಿಡಿದರು. ಕರ್ಚೀಫು ಬಿಳಿಯಾಗಿಯೇ ಇತ್ತು. ಮೂಗಿನ ಹತ್ತಿರ ತಂದರು.

"ಅವರೆ ಸೊಗಡೂ ಇಲ್ಲ!" ಎಂದರು. "ದಿಸ್ ಈಸ್ ಸೈನ್ಸ್, ಬೈರಣ್ಣನವರೇ. ನಿಮ್ಮಲ್ಲಿ ಏನೋ ಒಂದು ಮೆಥಡ್ ಇದೆ. ನಿಮಗೇ ಗೊತ್ತಿಲ್ಲ."

ತಮ್ಮಲ್ಲಿ ಏನೋ ಇದೆ, ತಮಗೇ ಗೊತ್ತಿಲ್ಲ ಎಂದು ಎಂಜಿನಿಯರೊಬ್ಬರು ಹೇಳಿದ ಮೇಲೆ ಯಾವ ಮನುಷ್ಯ ತಾನೇ ಸುಮ್ಮನಿದ್ದಾನು? ಬೈರಣ್ಣ ಚಪ್ಪಲಿ ಮೆಟ್ಟಿಕೊಂಡು ಅನಂತರಾಮು ಮನೆಗೇ ಹೋದರು. ಜಯಾ ಮೇಡಮ್ಮಿನ ಮಿಷನ್ನನ್ನು ಸುತ್ತ ನೋಡಿದರು, ಬೆನ್ನು ತಟ್ಟಿದರು, ಒಳಗೆ ಇಣುಕಿದರು.

"ಅಮ್ಮಾವ್ರೆ, ಹಿಂಗೆ ಕಿಕ್ಕಿರಿದು ಇಟ್ರೆ ಹೆಂಗೆ? ನಾಟಿ ಹಾಕಿದಂಗೆ ಇಡಿ. ಪೈರಿಗೆ ಪೈರಿಗೆ ನಡುವೆ ನೀರು ಓಡಾಡಬೇಕು. ಲೋಟದ ಮೇಲೆ ಸುಣ್ಣ ಅಂತೀರಾ? ಅದು ಪೌಡರಿಂದಲ್ಲ, ಬೋರ್‌ವೆಲ್ ನೀರಿಂದು. ಗಡಸು ನೀರು, ಉಪ್ಪು ಕೇಳ್ತದೆ."

"ಉಪ್ಪಾ? ಇದೇನು ಉಪ್ಪಿನಕಾಯಿ ಜಾಡಿನಾ?" ಎಂದಳು ಜಯಾ.

ಅನಂತರಾಮು ಪುಸ್ತಕ ತೆಗೆದು ನೋಡಿದರೆ ಹನ್ನೊಂದನೇ ಪುಟದಲ್ಲಿ ಹಾಗೇ ಬರೆದಿತ್ತು: ಗಡಸು ನೀರಿರುವಲ್ಲಿ ಉಪ್ಪಿನ ಖಾನೆಗೆ ಅದಕ್ಕೆಂದೇ ಸಿಗುವ ಉಪ್ಪು ಹಾಕತಕ್ಕದ್ದು. ಅವರು ಪುಸ್ತಕವನ್ನು ಒಮ್ಮೆ, ಬೈರಣ್ಣನವರನ್ನು ಒಮ್ಮೆ ನೋಡಿದರು. ಪುಸ್ತಕವನ್ನೇ ಕೆಳಗಿಟ್ಟರು. ಮಾರನೆಯ ದಿನ ಜಯಾಳ ಲೋಟಗಳ ಸುಣ್ಣ ಮುಕ್ಕಾಲು ಇಳಿದಿತ್ತು. ಸಾರಿನ ಪಾತ್ರೆ ಮಾತ್ರ ಇದ್ದಂತೆಯೇ ಇತ್ತು.

ಸುದ್ದಿ ಹಬ್ಬಿತು. ಬೈರಣ್ಣನವರದು ಬಿಟ್ಟು ಲೇಔಟಿನಲ್ಲಿ ಇಂಥ ಮಿಷನ್ನುಗಳಿದ್ದ ಮನೆ ಒಂಬತ್ತು. ಒಂಬತ್ತು ಮನೆಯಿಂದಲೂ ಬೈರಣ್ಣನವರಿಗೆ ಕರೆ ಬಂತು. ಇಷ್ಟು ವರ್ಷ 'ಹಳೇ ಮನೆ ಓನರ್ ಅಂಕಲ್' ಆಗಿದ್ದವರು ಈಗ 'ಬೈರಣ್ಣ ಸಾರ್' ಆದರು. ಅವರು ತಟ್ಟೆಯನ್ನು ಬೆರಳಿನಿಂದ ಬಾರಿಸಿ ನಾದ ಕೇಳುವರು. "ಪೌಡರು ಕಮ್ಮಿ," ಎನ್ನುವರು. ಕಾಫಿ ಕುಡಿದು ಬರುವರು. ಸಾರಿನ ಪಾತ್ರೆ ಯಾರ ಮನೆಯಲ್ಲೂ ಸರಿಹೋಗಲಿಲ್ಲ. ಆದರೆ ಅದು ತಮ್ಮ ತಮ್ಮ ಕೈಗುಣದ ದೋಷವೆಂದು ಒಂಬತ್ತು ಮನೆಯವರೂ ಒಪ್ಪಿಕೊಂಡುಬಿಟ್ಟರು.

ಒಂದು ಸಂಜೆ ರಮ್ಯ ಫೋನು ಮಾಡಿದಳು.

"ಅಪ್ಪ, ಅಮ್ಮನ ಸೊಂಟ ಹೇಗಿದೆ?"

"ಸೊಂಟನಾ? ಮಿಷನ್ನು ಬಂದ್ಮೇಲೆ ಸೊಂಟಕ್ಕೇನವ್ವ ಕೆಲಸ! ರಾಣಿ ಥರ ಅವಳೆ," ಎಂದರು ಬೈರಣ್ಣ. ಅವರ ಬೆನ್ನ ಹಿಂದೆಯೇ ಗೋಡೆ ಹಿಡಿದು ನಿಂತಿದ್ದ ರಾಣಿಯ ಸೊಂಟಕ್ಕೆ ದಾನಮ್ಮ ನೋವಿನ ಮುಲಾಮು ತಿಕ್ಕುತ್ತಿದ್ದಳು.

"ಕೆಲಸ ಜಾಸ್ತಿ ಆಗೇತಲ್ಲರಿ ಅಮ್ಮಾರ," ಎಂದಳು ದಾನಮ್ಮ ಮೆಲ್ಲಗೆ. "ಮೊದಲ ತೊಳದು ಬುಟ್ಟಿಗೆ ಹಾಕ್ತಿದ್ರಿ. ಈಗ ತೊಳದು, ಒಳಗ ಜೋಡಿಸಿ, ಮತ್ತ ತಗದು ಬುಟ್ಟಿಗೆ ಹಾಕಬೇಕ್ರಿ."

"ಮಗಳು ಆಸೆಯಿಂದ ಕಳಿಸವಳೆ. ಬ್ಯಾಡ ಅನ್ನೋಕಾಯ್ತದಾ?" ಎಂದಳು ನಾರಾಯಣಮ್ಮ.

ಸಂಘದ ಸಭೆಯಲ್ಲಿ ಅನಂತರಾಮು ಎದ್ದು ನಿಂತರು. ಒಂಬತ್ತು ಮನೆಯವರೂ ಹಳೆಯ ಪೌಡರು ಬಿಟ್ಟು 'ಹಸಿರು ಹೊಳಪಿಗೆ' ಬದಲಾಗಬೇಕು. ನಮ್ಮ ಚರಂಡಿ ಸೇರುವ ಕೆರೆಗೆ ನಮ್ಮಿಂದ ಒಂದು ಹನಿ ನೊರೆಯೂ ಹೋಗಬಾರದು. ಸಾಕ್ಷಿ ನಮ್ಮ ಬೈರಣ್ಣನವರು ಎಂದರು. ಎಲ್ಲರೂ ತಿರುಗಿ ನೋಡಿದರು. ತಮ್ಮದೇ ಗದ್ದೆಯ ಮೇಲೆ ಕಟ್ಟಿದ ಸಂಘದ ಕೋಣೆಯಲ್ಲಿ ಬೈರಣ್ಣನವರನ್ನು ಮುಂದಿನ ಸಾಲಿಗೆ ಕರೆದದ್ದು ಅದೇ ಮೊದಲು.

"ನೀರಿನ ವಿಷಯದಲ್ಲಿ ನಮ್ಮ ಮನೆತನ ಯಾವತ್ತೂ ಸುಳ್ಳು ಆಡಿಲ್ಲ," ಎಂದರು ಅವರು. "ನಾನು ಮಾತು ಕೊಡ್ತೀನಿ. ಈ ಪೌಡರಿಗೆ ಹೋಗದ ಕಲೆ ಇಲ್ಲ."

"ಮುದ್ದೆ ಪಾತ್ರೆನೂ?" ಎಂದಳು ಹಿಂದಿನ ಸಾಲಿನಿಂದ ಜಯಾ.

"ಮುದ್ದೆ ಪಾತ್ರೆನೂ. ಬರೋ ಭಾನುವಾರ ನಮ್ಮನೇಲಿ ಅವರೆ ಊಟ. ಒಂಬತ್ತು ಮನೆಯವರೂ ಬನ್ನಿ, ಹಳೇ ಪೌಡರು ಡಬ್ಬಿ ತಂದು ನಮ್ಮ ಜಗಲಿ ಮೇಲೆ ಒಪ್ಪಿಸಿ. ಉಂಡ ಪಾತ್ರೇನ ನಿಮ್ಮ ಕಣ್ಮುಂದೇನೇ ತೊಳೆಸ್ತೀನಿ. ಒಂದ್ರಲ್ಲಿ ಕಲೆ ಕಂಡ್ರೆ ನಾನು ಬೈರಣ್ಣನೇ ಅಲ್ಲ."

"ಅಲ್ಲದಿದ್ರೆ ಯಾರು ಅಂತ ಈಗ್ಲೇ ಹೇಳ್ಬಿಡಿ," ಎಂದಳು ಜಯಾ.

ಸಂಕ್ರಾಂತಿಗೆ ಎರಡು ದಿನ ಮುಂಚಿನ ಭಾನುವಾರ ಬೈರಣ್ಣನವರ ಅಂಗಳಕ್ಕೆ ಶಾಮಿಯಾನ ಬಿತ್ತು. ಜಗಲಿಯ ಮೇಲೆ ಒಂಬತ್ತು ಪೌಡರು ಡಬ್ಬಿಗಳು, ಶರಣಾದ ಸೈನಿಕರ ಕತ್ತಿಗಳಂತೆ ಸಾಲಾಗಿ ಕೂತವು. ಹಿತಕಿದ ಬೇಳೆ ಸಾರು, ರಾಗಿಮುದ್ದೆ, ಮಹಡಿಯಿಂದ ದಾನಮ್ಮನ ಎಣ್ಣೆ ಬದನೆಕಾಯಿ. ಬದನೆಕಾಯಿಯ ಎಣ್ಣೆ ಕಂಡು ಅನಂತರಾಮು, "ಬೆಸ್ಟ್ ಟೆಸ್ಟ್ ಕೇಸ್," ಎಂದು ಇನ್ನೆರಡು ಹಾಕಿಸಿಕೊಂಡರು. ಊಟ ಮುಗಿಯಿತು. ಗಂಡಸರೆಲ್ಲ ತಮ್ಮ ತಮ್ಮ ತಟ್ಟೆ ಬಿಟ್ಟು ಎದ್ದು, ಅಡುಗೆಮನೆಗೆ ಬಂದು ಮಿಷನ್ನಿನ ಮುಂದೆ ಅರ್ಧಚಂದ್ರಾಕಾರವಾಗಿ ನಿಂತರು. ಬೈರಣ್ಣ ಪೌಡರು ಅಳೆದು ಚಮಚವನ್ನು ಎತ್ತಿ ಹಿಡಿದುಕೊಂಡರು.

ಪಾತ್ರೆಗಳು ಬರಲಿಲ್ಲ.

"ಬರ್ತವೆ," ಎಂದರು ಬೈರಣ್ಣ.

ಐದು ನಿಮಿಷ ಕಳೆಯಿತು. ಚಮಚ ಹಿಡಿದ ಕೈ ಸೋತು ಕೈ ಬದಲಾಯಿಸಿದರು. "ಇದಕ್ಕೆಲ್ಲ ಒಂದು ಹೊತ್ತು ಅಂತ ಐತೆ," ಎಂದರು. ಹತ್ತು ನಿಮಿಷ ಕಳೆಯಿತು. ಜಯಾ ಎದ್ದು ಹಿತ್ತಿಲ ಬಾಗಿಲಿಗೆ ಹೋದಳು.

ಅಲ್ಲಿ ಕಲ್ಲಿನ ಮುಂದೆ ನಾರಾಯಣಮ್ಮ, ತಿಮ್ಮಕ್ಕ ಇಬ್ಬರೂ ಸೆರಗು ಸಿಕ್ಕಿಸಿಕೊಂಡು, ಮೊಣಕೈವರೆಗೆ ಬೂದಿ ಮಾಡಿಕೊಂಡು, ತಟ್ಟೆಗಳನ್ನು ತಿಕ್ಕುತ್ತಿದ್ದರು. ಅರ್ಧದಷ್ಟು ತಟ್ಟೆ ಆಗಲೇ ಹೊಳೆಯುತ್ತ ಬೋರಲು ಬಿದ್ದಿದ್ದವು.

"ಇದೇನ್ ಮಾಡ್ತಿದೀರಿ ನಾರಾಯಣಮ್ಮ?"

"ಮಿಷನ್ನಿಗೆ ಇಡಬೇಕಲ್ಲವ್ವ, ಅದಕ್ಕೇ ತೊಳೀತಾ ಇದೀವಿ. ಜನ ಜಾಸ್ತಿ, ಸ್ವಲ್ಪ ತಡ ಆಯ್ತು."

"ಮಿಷನ್ನಿಗೆ ಇಡೋದಕ್ಕೆ... ತೊಳೀತಿದೀರಿ."

"ಹೂಂ ಮತ್ತೆ. ಪೂಜೆ ಮಾಡಿರೋ ಮಿಷನ್ನು, ದೇವರ ಕೆಳಗಿರೋದು. ಮುಸುರೆನ ಹಂಗೇ ತಗೊಂಡೋಗಿ ಇಡೋಕಾಯ್ತದಾ? ನಿಮ್ಮನೇಲಿ ಹೆಂಗೆ ಇಡ್ತೀರಿ?"

ಜಯಾ ಒಗೆಯುವ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟಳು. "ದಿನಾನೂ ಹೀಗೇನಾ?"

"ದಸರೆಯಿಂದ."

"ಒಳ್ಳೆ ಮಿಷನ್ನು ಕಣವ್ವ," ಎಂದಳು ತಿಮ್ಮಕ್ಕ, ಅದರ ಪರ ವಹಿಸಿ. "ಚೆನ್ನಾಗಿ ಒಣಗಿಸ್ತದೆ."

ಜಯಾಳ ನಗು ಅಡುಗೆಮನೆಗೆ ಮೊದಲು ಬಂತು, ಸುದ್ದಿ ಆಮೇಲೆ ಬಂತು. ಅನಂತರಾಮು ಜೇಬಿನ ಬಿಳಿ ಕರ್ಚೀಫನ್ನು ತೆಗೆದು ಅದನ್ನೇ ಮೋಸಗಾರನೆಂಬಂತೆ ದಿಟ್ಟಿಸಿದರು. ಬೈರಣ್ಣನವರು ಸುದ್ದಿಯನ್ನು ಮೂರು ಸಲ ಹೇಳಿಸಿ ಕೇಳಿದರು. ಮೂರನೆಯ ಸಲ ಚಮಚ ಕೆಳಗಿಟ್ಟು, ಟವೆಲನ್ನು ಬಲಹೆಗಲಿನಿಂದ ಎಡಹೆಗಲಿಗೆ ಹಾಕಿಕೊಂಡರು.

"ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದರು, ಒಳಗೆ ಬಂದ ಹೆಂಡತಿಗೆ.

"ನೀವು ಕೇಳಿದ್ರಾ? ಮೂವತ್ತಾರು ವರ್ಷ ಆಯ್ತು ನಾನು ಈ ಮನೆಗೆ ಬಂದು. ಉಂಡು ಎದ್ದ ತಟ್ಟೆ ಎಲ್ಲಿಗೋಯ್ತದೆ ಅಂತ ಒಂದು ದಿನ ಕೇಳಿದ್ರಾ?"

ಒಂಬತ್ತು ಮನೆಯ ಗಂಡಸರೂ ಒಟ್ಟಿಗೇ ತಲೆಯೆತ್ತಿ ಫ್ಯಾನನ್ನು ನೋಡತೊಡಗಿದರು.

ಅಷ್ಟರಲ್ಲಿ ಯಾರೋ ಜಗಲಿಗೆ ಹೋಗಿ ತಮ್ಮ ಡಬ್ಬಿ ಹುಡುಕುವ ಸದ್ದು ಕೇಳಿಸಿತು. ಬೈರಣ್ಣ ಗುಡುಗಿದರು: "ಯಾರೂ ಡಬ್ಬಿ ಮುಟ್ಟಬ್ಯಾಡಿ! ಮಾತು ಕೊಟ್ಟಿದೀನಿ, ಇನ್ನೂ ಅಳತೆ ಆಗಿಲ್ಲ. ಉಳಿದ ಪಾತ್ರೆ ಹಂಗೇ ತಗೊಂಬನ್ನಿ. ಮುಸುರೆ ಸಮೇತ."

"ದೇವರ ಕೆಳಗೆ ಮುಸುರೆ ನಾನು ಇಡಾಕಿಲ್ಲ," ಎಂದಳು ನಾರಾಯಣಮ್ಮ.

ಮಿಷನ್ನನ್ನು ಸರಿಸೋಣವೆಂದರೆ ಕೊಳವೆ ಗಿಡ್ಡ. ದೇವರನ್ನು ಸರಿಸೋಣವೆಂದರೆ ಅವತ್ತು ಅಮಾವಾಸ್ಯೆಗೋ ಮತ್ತೆ ಯಾವುದಕ್ಕೋ ಹತ್ತಿರದ ದಿನ, ಕದಲಿಸಬಾರದಂತೆ. ಕಡೆಗೆ ಬೈರಣ್ಣ ತಮ್ಮ ಹೆಗಲ ಟವೆಲನ್ನೇ ತೆಗೆದು ದೇವರ ಗೂಡಿಗೆ ಪರದೆ ಕಟ್ಟಿದರು.

"ಒಂದೂವರೆ ಗಂಟೆ ಕಣ್ಣು ಮುಚ್ಕೊಂಡಿರಪ್ಪ," ಎಂದು ಕೈ ಮುಗಿದರು.

"ಭಾಳ ಹೊತ್ತು ಕತ್ತಲದಾಗ ಕುಂದರಸಬ್ಯಾಡ್ರಿ ದೇವರನ್ನ," ಎಂದಳು ದಾನಮ್ಮ.

ಜಯಾ ತಾನೇ ಮುಂದೆ ಬಂದು ಪಾತ್ರೆಗಳನ್ನಿಟ್ಟಳು: ಹದಿನೆಂಟು ಸ್ಟೀಲು ತಟ್ಟೆ, ಒಂದಿಷ್ಟು ಗಾಜಿನ ಲೋಟ, ಸಾರಿನ ಪಾತ್ರೆ, ಎಣ್ಣೆಬದನೆಯ ಬಾಣಲೆ, ತಿಮ್ಮಕ್ಕ ಕಡೆಯಲ್ಲಿ ತೊಳೆಯೋಣವೆಂದು ಉಳಿಸಿಕೊಂಡಿದ್ದ, ತಳಹಿಡಿದು ಒಣಗಿದ್ದ ಮುದ್ದೆ ಪಾತ್ರೆ. ಬೈರಣ್ಣ ಗುಂಡಿ ಒತ್ತಿದರು. ತಿಮ್ಮಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಮಿಷನ್ನಿನ ಎದುರು ನಿಂತಳು, ಹೊಸದಾಗಿ ಕೆಲಸಕ್ಕೆ ಸೇರಿದವಳನ್ನು ಹಳಬಳು ನೋಡುವಂತೆ. ಒಂದೂವರೆ ಗಂಟೆ ಯಾರೂ ಮನೆಗೆ ಹೋಗಲಿಲ್ಲ. ಕಡಲೆಕಾಯಿ ಬೇಯಿಸಿ ತಂದರು, ಕಾಫಿ ಎರಡು ಸುತ್ತು ಆಯಿತು.

ಮಿಷನ್ನು ಕೂಗಿತು.

ಹದಿನೆಂಟು ತಟ್ಟೆಯಲ್ಲಿ ಹದಿನೇಳು ಚೊಕ್ಕ. ಹದಿನೆಂಟನೆಯದರ ಅಂಚಿಗೆ ಒಂದು ಅವರೆಬೇಳೆ ಅಂಟಿಕೊಂಡಿತ್ತು. ಗಾಜಿನ ಲೋಟಕ್ಕೆ ತೆಳ್ಳನೆ ಮಂಜು. ಸಾರಿನ ಪಾತ್ರೆ ಒಳಗೆ ಪರವಾಗಿಲ್ಲ, ಕಂಠದ ಸುತ್ತ ಅರಿಸಿನದ ಉಂಗುರ. ಬದನೆಯ ಎಣ್ಣೆ ಹೋಗಿತ್ತು. ಅನಂತರಾಮು ಅದಕ್ಕೆ ಚಪ್ಪಾಳೆ ತಟ್ಟಿ, ತಾವೊಬ್ಬರೇ ತಟ್ಟುತ್ತಿರುವುದನ್ನು ಕಂಡು ನಿಲ್ಲಿಸಿದರು. ಮುದ್ದೆ ಪಾತ್ರೆ ಹೋದಂತೆಯೇ ಬಂದಿತ್ತು. ತಿಮ್ಮಕ್ಕ ಅದರ ತಳವನ್ನು ಉಗುರಿನಿಂದ ಕೆರೆದು ನೋಡಿದಳು.

"ಹೊಸಬಳು," ಎಂದಳು. "ಕಲೀತಾಳೆ."

ಎಲ್ಲರೂ ಬೈರಣ್ಣನವರ ಬಾಯಿ ನೋಡುತ್ತಿದ್ದರು. ಅವರು ಮುದ್ದೆ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು, ಅಂಗಳದ ಬೆಳಕಿಗೆ ಬಂದು, ತೂಬಿನ ಮೇಲೆ ನಿಂತವರ ಹಾಗೆ ಮೆಟ್ಟಿಲ ಮೇಲೆ ನಿಂತರು.

"ಕೇಳಿ. ತಟ್ಟೆಗೆ ಆಯ್ತದೆ. ಎಣ್ಣೆಗೆ ಆಯ್ತದೆ. ಲೋಟಕ್ಕೆ ಉಪ್ಪು ಹಾಕಿದ್ರೂ ಒಂದು ಸಲ ಬಟ್ಟೇಲಿ ಒರೆಸ್ಕೊಬೇಕು. ಸಾರಿನ ಪಾತ್ರೆ ನೆನೆಹಾಕಿ ಇಡಬೇಕು. ಮುದ್ದೆ ಪಾತ್ರೆಗೆ ಆಗಾಕಿಲ್ಲ, ಕೈಯೇ ಬೇಕು. ಹೋಗದ ಕಲೆ ಇಲ್ಲ ಅಂದಿದ್ದೆ, ಅದು ತಪ್ಪು. ಇರೋ ನೀರಿಗಿಂತ ಜಾಸ್ತಿ ನೀರು ಹಂಚಿಬಿಟ್ಟೆ. ಈಗ ಸರಿಯಾಗಿ ಅಳೆದು ಹೇಳಿದೀನಿ. ನೀರು ಹೋದ ಕಡೆ ನನ್ನ ದಂಟು ಸಾಯಲಿಲ್ಲ, ಅದು ಮಾತ್ರ ಮೊದಲೂ ನಿಜ, ಈಗಲೂ ನಿಜ. ಡಬ್ಬಿ ಬೇಕಾದೋರು ತಗೊಂಡೋಗಿ, ನಂಗೆ ಬೇಜಾರಿಲ್ಲ."

ಮೂರು ಮನೆಯವರು ಬಂದು ತಮ್ಮ ಡಬ್ಬಿ ಎತ್ತಿಕೊಂಡರು. ಆರು ಅಲ್ಲೇ ಉಳಿದವು. ಗಂಡ ಹೊಸ ಪೌಡರು ತಂದ ಮೇಲೂ ಜಯಾ ಎತ್ತಿಟ್ಟುಕೊಂಡಿದ್ದ ಹಳೆಯ ಡಬ್ಬಿ ಉಳಿದ ಆರರಲ್ಲಿ ಒಂದು.

"ಇಷ್ಟು ದಿನ ನಂದೇ ಕೈಗುಣ ಸರಿಯಿಲ್ಲ ಅಂದ್ಕೊಂಡಿದ್ದೆ," ಎಂದಳು ಅವಳು, ಚಪ್ಪಲಿ ಮೆಟ್ಟಿಕೊಳ್ಳುತ್ತ. "ಈಗ ನೆಮ್ಮದಿ ಆಯ್ತು ಬೈರಣ್ಣನವರೇ. ನೆನೆಹಾಕ್ತೀನಿ ಬಿಡಿ." ಆಮೇಲೆ ಗಂಡನ ಕಡೆ ತಿರುಗಿ, "ನಡೀರಿ, ಕರ್ಚೀಫು ಒಗೀಬೇಕು," ಎಂದಳು. ಅದು ಮೂರು ವಾರದಲ್ಲಿ ಅವಳು ಅವರೊಡನೆ ಆಡಿದ ಮೊದಲನೆಯ ಪೂರಾ ವಾಕ್ಯ.

ಜನ ಕರಗಿದರು. ಬೈರಣ್ಣ ದೇವರ ಗೂಡಿನ ಪರದೆ ಬಿಚ್ಚಿ, ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಜಯಿಸಿ ಬಂದವರಂತೆ ಕುರ್ಚಿಯಲ್ಲಿ ಕೂತರು.

"ನೋಡ್ದಾ? ಕೊಟ್ಟ ಮಾತು ತೀರಿಸ್ದೆ."

"ಒಂಬತ್ತು ಮನೆಯೋರದು ತೀರಿಸಿದ್ರಿ," ಎಂದಳು ನಾರಾಯಣಮ್ಮ, ನೆಲಕ್ಕೆ ಕೈಯೂರಿ ಮೆಲ್ಲಗೆ ಕೂರುತ್ತ. "ದಸರೆಯಿಂದ ಎಂಬತ್ತು ದಿನ ದಂಡಕ್ಕೆ ತೊಳೆದಿದೀನಲ್ಲ, ನಂದು?"

ಬೈರಣ್ಣ ಹೆಂಡತಿ ಕೂತ ರೀತಿಯನ್ನು ನೋಡಿದರು. ಅವಳು ಕೂರಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆಂದು ಅವರಿಗೆ ಗೊತ್ತಿರಲಿಲ್ಲ.

"ಅದನ್ನೂ ತೀರಿಸ್ತೀನಿ. ಅದೇನ್ ಮಹಾ! ನಾಳೆಯಿಂದ ಎಂಬತ್ತು ದಿನ ಮುದ್ದೆ ಪಾತ್ರೆ ನಂದು."

ಸೋಮವಾರ ಬೆಳಿಗ್ಗೆ ಬೈರಣ್ಣ ಡೈರಿ ಬೂತಿಗೆ ಹೋಗಲಿಲ್ಲ. ಪಂಚೆ ಎತ್ತಿ ಕಟ್ಟಿ ಹಿತ್ತಿಲಿಗೆ ಬಂದರು. ತಿಮ್ಮಕ್ಕ ಸರಿದು ಜಾಗ ಬಿಟ್ಟಳು. ಕುಕ್ಕರುಗಾಲಲ್ಲಿ ಕೂರಲು ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲಕ್ಕೆ ಮಣೆ ತರಿಸಿಕೊಂಡರು. ಕಾಂಪೌಂಡಿನ ಆಚೆ ಜಯಾ ಒಗ್ಗರಣೆ ಬಿಟ್ಟು ಬಂದು ನಿಂತಳು. ಮಹಡಿಯ ಮೆಟ್ಟಿಲ ಮೇಲೆ ದಾನಮ್ಮ ನಿಂತಳು, ಆಫೀಸಿಗೆ ಹೊರಟಿದ್ದ ಅವಳ ಗಂಡ ಗುರುಸಿದ್ದ ಟಿಫನ್ ಕ್ಯಾರಿಯರ್ ಹಿಡಿದುಕೊಂಡೇ ನಿಂತ.

"ಇದಕ್ಕೂ ಒಂದು ಪದ್ಧತಿ ಐತೆ," ಎಂದರು ಬೈರಣ್ಣ ಎಲ್ಲರಿಗೂ ಕೇಳುವಂತೆ. "ಗದ್ದೆ ಮಟ್ಟ ಹೊಡೆದಂಗೆ ಮೊದ್ಲು ಅಂಚಿಂದ ಬರಬೇಕು, ಆಮೇಲೆ ನಡುವಿಗೆ. ಹೆಂಗಸ್ರು ನಡುವಿಂದ ಶುರು ಮಾಡ್ತಾರೆ, ಅಲ್ಲೇ ಕೆಡೋದು."

"ಹೌದಾ ಯಜಮಾನ್ರೆ?" ಎಂದಳು ತಿಮ್ಮಕ್ಕ. "ಇದು ಗೊತ್ತೇ ಇರ್ಲಿಲ್ಲ ನೋಡಿ."

ಕಾಲು ಗಂಟೆ ಬೂದಿ ಹಾರಿತು. ಮೂಗಿನ ಮೇಲೆ ಬೂದಿ, ಮೀಸೆಯ ಮೇಲೆ ಬೂದಿ. ಕೊನೆಗೆ ಬೈರಣ್ಣ ಪಾತ್ರೆಯನ್ನು ಜಾಲಿಸಿ, ಬಿಸಿಲಿಗೆ ತಿರುಗಿಸಿ, ತಮ್ಮ ಮುಖವನ್ನೇ ಅದರಲ್ಲಿ ನೋಡಿಕೊಂಡು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕೈಗೆ ಕೊಟ್ಟರು.

ನಾರಾಯಣಮ್ಮ ಪಾತ್ರೆಯೊಳಗೆ ಕೈ ಹಾಕಿ, ತಳದ ಸುತ್ತ ಒಂದೇ ಬೆರಳನ್ನು ನಿಧಾನವಾಗಿ ಆಡಿಸಿದಳು. ಒಂದು ಕಡೆ ಬೆರಳು ನಿಂತಿತು. ಅವಳು ಪಾತ್ರೆಯನ್ನು ತಂದು ಗಂಡನ ಮುಂದೆ ಮತ್ತೆ ಇಟ್ಟಳು.

"ಇದು ಲೆಕ್ಕಕ್ಕಿಲ್ಲ," ಎಂದಳು. "ಎಂಬತ್ತೂ ಹಂಗೇ ಐತೆ."